ಸಾಂಕ್ರಾಮಿಕ ರೋಗಗಳ ಲೆಕ್ಕ: ವೈದ್ಯಕೀಯ ಸಂಖ್ಯಾಶಾಸ್ತ್ರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನಲ್ಲಿ ಕುಳಿತು ಸುತ್ತಮುತ್ತಲಿನ ಜಿಲ್ಲೆಗಳ ಆರೋಗ್ಯ ಸಮೀಕ್ಷೆಗಳ ಅಂಕಿಅಂಶ ನೋಡಿಕೊಳ್ಳುವುದು ನನ್ನ ಕೆಲಸ. ವಿದ್ಯಾರ್ಥಿಗಳು, ಆಶಾ ಕಾರ್ಯಕರ್ತೆಯರು, ಪಂಚಾಯಿತಿ ಸದಸ್ಯರು, ಕೆಲವೊಮ್ಮೆ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ.

ವೈದ್ಯಕೀಯ ಸಂಖ್ಯಾಶಾಸ್ತ್ರಜ್ಞರು ವೈದ್ಯರೇ?

ಸಾಮಾನ್ಯವಾಗಿ ಅಲ್ಲ. ನಾವು ಔಷಧ ಬರೆದುಕೊಡುವುದಿಲ್ಲ, ನಾಡಿ ಹಿಡಿಯುವುದಿಲ್ಲ. ಒಂದು ಔಷಧ ನಿಜವಾಗಿಯೂ ಕೆಲಸ ಮಾಡಿತೇ, ಒಂದು ರೋಗ ಒಂದು ಜಿಲ್ಲೆಯಲ್ಲಿ ಎಷ್ಟು ಜನರಲ್ಲಿದೆ, ಅದು ಹೆಚ್ಚುತ್ತಿದೆಯೇ ಕಡಿಮೆಯಾಗುತ್ತಿದೆಯೇ ಎಂಬ ಪ್ರಶ್ನೆಗಳಿಗೆ ನಂಬಬಹುದಾದ ಉತ್ತರ ಸಿಗುವಂತೆ ಅಧ್ಯಯನವನ್ನು ಮೊದಲೇ ರೂಪಿಸುವುದು ಮತ್ತು ಕೊನೆಯಲ್ಲಿ ಲೆಕ್ಕ ಹಾಕುವುದು ನಮ್ಮ ಪಾಲಿನ ಕೆಲಸ. ಎಲ್ಲ ಮುಗಿದ ಮೇಲೆ ಎಕ್ಸೆಲ್ ಹಾಳೆಯನ್ನು ತಂದು «ಇದಕ್ಕೊಂದು ಪರ್ಸೆಂಟೇಜ್ ಹಾಕಿಕೊಡಿ» ಎನ್ನುವವರೇ ಹೆಚ್ಚು. ಆ ಹೊತ್ತಿಗೆ ನಾವು ಮಾಡಬಹುದಾದದ್ದು ಬಹಳ ಕಡಿಮೆ.

ರೋಗಿಗಳನ್ನು ಎಣಿಸುವುದರಲ್ಲಿ ಅಂತಹ ಕಷ್ಟವೇನಿದೆ?

ರೋಗಿಗಳ ಎಣಿಕೆ ಭಿನ್ನರಾಶಿಯ ಮೇಲಿನ ಅಂಶ ಮಾತ್ರ. ಕೆಳಗಿರುವ ಛೇದದಲ್ಲಿ ಯಾರು ಯಾರು ಇದ್ದಾರೆ ಎಂಬುದೇ ನಮ್ಮ ಮುಖ್ಯ ತಲೆನೋವು. ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ತಿಂಗಳು 20 ಮಂದಿಗೆ ಡೆಂಗಿ ಇರುವುದು ಪತ್ತೆಯಾಯಿತು, ಪಕ್ಕದ ಕೇಂದ್ರದಲ್ಲಿ 5 ಮಂದಿಗೆ ಮಾತ್ರ ಎಂದಿಟ್ಟುಕೊಳ್ಳಿ. ಮೊದಲನೆಯ ಕೇಂದ್ರದಲ್ಲಿ 200 ಜನರ ರಕ್ತ ಪರೀಕ್ಷೆಯಾಗಿದ್ದು ಎರಡನೆಯದರಲ್ಲಿ 10 ಜನರದ್ದಷ್ಟೇ ಆಗಿದ್ದರೆ, ಪತ್ರಿಕೆಯಲ್ಲಿ «ಡೆಂಗಿ ಹಾಟ್‌ಸ್ಪಾಟ್» ಎಂದು ಹೆಸರು ಪಡೆಯುವುದು ಶ್ರದ್ಧೆಯಿಂದ ಹುಡುಕಿದ ಊರು. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಈ ತೊಂದರೆ ಹೆಚ್ಚು, ಏಕೆಂದರೆ ಅಲ್ಲಿ ಆಸ್ಪತ್ರೆಯ ಬಾಗಿಲಿಗೆ ಬರುವವರಿಗಿಂತ ಬಾರದವರು ಬೇರೆಯೇ ತರಹದ ಜನರಾಗಿರುತ್ತಾರೆ.

ತುಮಕೂರಿಗೂ ಈ ವಿಷಯಕ್ಕೂ ಏನು ಸಂಬಂಧ?

ಬಹಳ ಇದೆ. ನಮ್ಮ ಜಿಲ್ಲೆಯವರಿಗೇ ಇದು ಗೊತ್ತಿಲ್ಲದಿರುವುದು ನನಗೆ ಯಾವಾಗಲೂ ಬೇಸರದ ಸಂಗತಿ. ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಬೆಂಗಳೂರಿನಲ್ಲಿ ಆರಂಭವಾದಾಗ, ಹಳ್ಳಿಗಳಲ್ಲಿ ಕ್ಷಯ ಎಷ್ಟಿದೆ ಎಂದು ತಿಳಿಯಲು ಅದು ಆರಿಸಿಕೊಂಡ ಪ್ರದೇಶಗಳಲ್ಲಿ ತುಮಕೂರು ಜಿಲ್ಲೆಯೂ ಒಂದು. 1960–61ರಲ್ಲಿ ಇಲ್ಲಿನ ಹಳ್ಳಿಗಳಲ್ಲಿ ಎಕ್ಸ್‌ರೇ ಮತ್ತು ಕಫ ಪರೀಕ್ಷೆಗಳ ಮೂಲಕ ಸಮೀಕ್ಷೆ ನಡೆಯಿತು. ಕ್ಷಯವೆಂದರೆ ಪಟ್ಟಣದ ಇಕ್ಕಟ್ಟಿನ ಓಣಿಗಳ ಕಾಯಿಲೆ ಎಂಬ ನಂಬಿಕೆಯನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 1955ರಿಂದ 1958ರವರೆಗೆ ನಡೆಸಿದ ರಾಷ್ಟ್ರೀಯ ಮಾದರಿ ಸಮೀಕ್ಷೆ ಅದಾಗಲೇ ಅಲುಗಾಡಿಸಿತ್ತು.

ಅದರ ಬೆನ್ನಿಗೇ ಸಮಾಜ ವಿಜ್ಞಾನಿ ಡಿ. ಬ್ಯಾನರ್ಜಿ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಸ್ಟಿಗ್ ಆಂಡರ್ಸನ್ ಮತ್ತೊಂದು ಪ್ರಶ್ನೆ ಎತ್ತಿದರು. ಹಳ್ಳಿಯ ರೋಗಿಗಳಿಗೆ ತಮ್ಮ ಕಾಯಿಲೆಯ ಪರಿವೆಯೇ ಇಲ್ಲ, ಆದ್ದರಿಂದ ಎಕ್ಸ್‌ರೇ ವ್ಯಾನುಗಳನ್ನು ಊರೂರಿಗೆ ಕಳಿಸಿ ಅವರನ್ನು ಹುಡುಕಿ ತೆಗೆಯಬೇಕು ಎಂಬುದು ಆಗಿನ ತಜ್ಞರ ಎಣಿಕೆಯಾಗಿತ್ತು. ಇವರಿಬ್ಬರು ಸಮೀಕ್ಷೆಯಲ್ಲಿ ಪತ್ತೆಯಾದವರನ್ನೇ ಸಂದರ್ಶಿಸಿ, 1963ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಫದಲ್ಲಿ ಕ್ರಿಮಿ ಕಂಡವರಲ್ಲಿ ಬಹುತೇಕ ಎಲ್ಲರಿಗೂ ತಮ್ಮ ಲಕ್ಷಣಗಳ ಅರಿವಿತ್ತು. ಸುಮಾರು ಅರ್ಧದಷ್ಟು ಜನ ಅದಾಗಲೇ ಯಾವುದಾದರೂ ವೈದ್ಯರ ಬಳಿಗೋ ಆಸ್ಪತ್ರೆಗೋ ಹೋಗಿ ಬಂದಿದ್ದರು. ಅಲ್ಲಿ ಅವರ ಕೈಗೆ ಸಿಕ್ಕಿದ್ದು ಕೆಮ್ಮಿನ ಔಷಧದ ಬಾಟಲಿ. ರೋಗಿಯಲ್ಲಿ ಅಜ್ಞಾನ ಹುಡುಕಲು ಹೊರಟವರಿಗೆ ಕೊರತೆ ಕಂಡದ್ದು ಆಸ್ಪತ್ರೆಯಲ್ಲಿ. ಸಾಮಾನ್ಯ ಆಸ್ಪತ್ರೆಗಳಿಗೆ ಕೆಮ್ಮಿಕೊಂಡು ಬರುವವರ ಕಫವನ್ನು ಅಲ್ಲಿಯೇ ಪರೀಕ್ಷಿಸಬೇಕು ಎಂಬ ತತ್ವದ ಮೇಲೆ 1962ರ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮ ನಿಂತದ್ದಕ್ಕೆ, ಅಚ್ಚಾಗುವ ಮೊದಲೇ ತಿಳಿದಿದ್ದ ನಮ್ಮ ಹಳ್ಳಿಗಳ ಈ ಅಧ್ಯಯನದ ಫಲಿತಾಂಶ ಒಂದು ಮುಖ್ಯ ಕಾರಣ.

ಹಾಗಾದರೆ ಈಗ ಜನರ ಅರಿವು ಕಡಿಮೆಯಾಗಿದೆಯೇ? 2019–21ರ ಸಮೀಕ್ಷೆಯಲ್ಲಿ ಹೆಚ್ಚಿನವರು ಆಸ್ಪತ್ರೆಗೇ ಹೋಗಿಲ್ಲ ಎಂದು ಓದಿದ್ದೇನೆ.

ಓದಿದ್ದು ಸರಿ. 2019–21ರ ರಾಷ್ಟ್ರೀಯ ಕ್ಷಯ ಸಮೀಕ್ಷೆಯಲ್ಲಿ ಲಕ್ಷಣಗಳಿದ್ದವರ ಪೈಕಿ ನೂರಕ್ಕೆ ಸುಮಾರು 64 ಮಂದಿ ಚಿಕಿತ್ಸೆ ಕೇಳಿ ಹೋಗಿರಲಿಲ್ಲ. ಆದರೆ ಎರಡೂ ಛೇದಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ತುಮಕೂರಿನ ಅಧ್ಯಯನದ ಛೇದದಲ್ಲಿದ್ದವರು ಕ್ಷಯ ಇದೆಯೆಂದು ಪರೀಕ್ಷೆಯಲ್ಲಿ ಕಂಡುಬಂದವರು. ಹೊಸ ಸಮೀಕ್ಷೆಯ ಛೇದದಲ್ಲಿದ್ದವರು ಕೆಮ್ಮು, ಜ್ವರ ಮುಂತಾದ ಲಕ್ಷಣವಿದ್ದ ಎಲ್ಲರೂ. ಅವರಲ್ಲಿ ಬಹುಪಾಲು ಮಂದಿಗೆ ಕ್ಷಯವೇ ಇರಲಿಲ್ಲ. ಬೀಡಿ ಸೇದುವ ತಾತನ ಹಳೆಯ ಕೆಮ್ಮೂ ಅದರಲ್ಲಿ ಸೇರಿರುತ್ತದೆ. ಆದ್ದರಿಂದ ಅರ್ಧ ಮತ್ತು 64 ಎಂಬ ಈ ಎರಡು ಸಂಖ್ಯೆಗಳನ್ನು ಹೋಲಿಸಿ ಅರವತ್ತು ವರ್ಷಗಳ ಬದಲಾವಣೆಯ ಬಗ್ಗೆ ತೀರ್ಪು ಕೊಡಲು ಬರುವುದಿಲ್ಲ.

ಒಂದು ಜಿಲ್ಲೆಯ ಕ್ಷಯದ ಪ್ರಮಾಣ ತಿಳಿಯಲು ಸಾವಿರ ಜನರನ್ನು ಪರೀಕ್ಷಿಸಿದರೆ ಸಾಲದೇ?

ಸಾಲದು. ಅದೇ 2019–21ರ ಸಮೀಕ್ಷೆಯ ಪ್ರಕಾರ, 15 ವರ್ಷ ಮೇಲ್ಪಟ್ಟವರಲ್ಲಿ ಪ್ರಯೋಗಾಲಯದಲ್ಲಿ ದೃಢಪಟ್ಟ ಶ್ವಾಸಕೋಶದ ಕ್ಷಯ ಲಕ್ಷಕ್ಕೆ 316, ಅಂದರೆ ಸಾವಿರಕ್ಕೆ ಸುಮಾರು ಮೂರು. ಸಾವಿರ ಜನರಲ್ಲಿ ಒಬ್ಬರು ಸಿಗಬಹುದು, ಆರು ಜನ ಸಿಗಬಹುದು, ಒಬ್ಬರೂ ಸಿಗದಿರಬಹುದು. ಇವೆಲ್ಲವೂ ಕೇವಲ ಆಕಸ್ಮಿಕದ ಆಟ.

ಸಾವಿರಕ್ಕೆ ಮೂರು ಎಂದು ಊಹಿಸಿಕೊಂಡು, ನಮ್ಮ ಅಂದಾಜು ನಿಜ ಸಂಖ್ಯೆಗಿಂತ ಐದನೇ ಒಂದು ಭಾಗಕ್ಕಿಂತ ಹೆಚ್ಚು ಆಚೀಚೆ ಆಗಬಾರದು ಎಂದು ಗುರಿ ಇಟ್ಟುಕೊಂಡರೆ, ಸೂತ್ರ ಸುಮಾರು 32,000 ಜನ ಬೇಕೆನ್ನುತ್ತದೆ. ಆದರೆ ಜಿಲ್ಲೆಯ ಮತದಾರರ ಪಟ್ಟಿಯಿಂದ 32,000 ಹೆಸರುಗಳನ್ನು ಒಂದೊಂದಾಗಿ ಎತ್ತಿ ಪಾವಗಡದಿಂದ ಕುಣಿಗಲ್‌ವರೆಗೆ ಓಡಾಡುವುದು ಆಗದ ಮಾತು. ಊರುಗಳನ್ನು ಆರಿಸಿ, ಆ ಊರಿನ ಎಲ್ಲರನ್ನೂ ಪರೀಕ್ಷಿಸುತ್ತೇವೆ. ಹೀಗೆ ಮಾಡಿದಾಗ ಒಂದು ನಷ್ಟವಿದೆ. ಸಾಂಕ್ರಾಮಿಕ ರೋಗ ಒಬ್ಬರಿಂದ ಒಬ್ಬರಿಗೆ ಹರಡುವುದರಿಂದ ರೋಗಿಗಳು ಗುಂಪುಗುಂಪಾಗಿರುತ್ತಾರೆ. ನನ್ನ ರಕ್ತದೊತ್ತಡ ಪಕ್ಕದ ಮನೆಯವರಿಗೆ ಅಂಟುವುದಿಲ್ಲ, ನನ್ನ ಕ್ಷಯ ಅಂಟಬಹುದು. ಒಂದೇ ಊರಿನ ನೂರು ಜನ ಕೊಡುವ ಮಾಹಿತಿ ನೂರು ಊರುಗಳ ನೂರು ಜನ ಕೊಡುವಷ್ಟು ಇರುವುದಿಲ್ಲ. ಈ ನಷ್ಟ ತುಂಬಲು ಒಂದೂವರೆ ಪಟ್ಟು ಎಂದರೆ 48,000 ಆಯಿತು. ನೂರಕ್ಕೆ ಹತ್ತು ಜನ ಸಿಗುವುದಿಲ್ಲ ಎಂದು ಹಿಡಿದರೆ ಸುಮಾರು 53,000. ಹಣ ಕೊಡುವವರು ಈ ಸಂಖ್ಯೆ ನೋಡಿ ಬೆಚ್ಚುತ್ತಾರೆ. ಅಷ್ಟು ಹಣವಿಲ್ಲದಿದ್ದರೆ ಅಂತಹ ಸಮೀಕ್ಷೆಯನ್ನು ಅರ್ಧಂಬರ್ಧ ಮಾಡುವುದಕ್ಕಿಂತ ಬಿಡುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಲಸಿಕೆ ಎಷ್ಟು ಮಕ್ಕಳಿಗೆ ತಲುಪಿದೆ ಎಂಬಂತಹ ಪ್ರಶ್ನೆಗೆ ಇಷ್ಟೆಲ್ಲ ಬೇಕಿಲ್ಲ. 30 ಊರುಗಳನ್ನು ಆರಿಸಿ ಊರಿಗೆ 7 ಮಕ್ಕಳಂತೆ 210 ಮಕ್ಕಳನ್ನು ನೋಡುವ ವಿಶ್ವ ಆರೋಗ್ಯ ಸಂಸ್ಥೆಯ ವಿಧಾನ ಬಡ ದೇಶಗಳಲ್ಲಿ ದಶಕಗಳ ಕಾಲ ನಡೆದುಬಂದಿದೆ.

ಮನೆಯಲ್ಲಿ ಇಲ್ಲದವರನ್ನು ಬಿಟ್ಟರೆ ಏನಾಗುತ್ತದೆ?

ಇದಕ್ಕೆ ಉತ್ತರವಾಗಿ ನನ್ನದೇ ತಪ್ಪೊಂದನ್ನು ಹೇಳಬೇಕು. ಕೆಲಸಕ್ಕೆ ಸೇರಿದ ಆರಂಭದ ವರ್ಷಗಳಲ್ಲಿ ಚಿಕ್ಕ ಮಕ್ಕಳ ವಾಂತಿ-ಭೇದಿಯ ಬಗ್ಗೆ ಒಂದು ಸಣ್ಣ ಅಧ್ಯಯನದ ಲೆಕ್ಕ ನನ್ನ ಪಾಲಿಗೆ ಬಂದಿತ್ತು. ಪ್ರತಿ ವಾರ ಮನೆಗೆ ಹೋಗಿ «ಈ ವಾರ ಎಷ್ಟು ದಿನ ಭೇದಿಯಾಯಿತು» ಎಂದು ಕೇಳಿ ಪುಸ್ತಕದಲ್ಲಿ ಬರೆಯಬೇಕಿತ್ತು. ಕಂಪ್ಯೂಟರಿಗೆ ತುಂಬುವಾಗ ಪುಸ್ತಕದಲ್ಲಿ ಖಾಲಿ ಇದ್ದ ಚೌಕಗಳಲ್ಲೆಲ್ಲ ಸೊನ್ನೆ ಬಿದ್ದಿತ್ತು. ನಾನು ಅದನ್ನು ಗಮನಿಸದೆ ಸರಾಸರಿ ತೆಗೆದೆ. ಭೇದಿ ಬಹಳ ಕಡಿಮೆ ಎಂದು ಬಂತು, ಎಲ್ಲರಿಗೂ ಸಂತೋಷವಾಯಿತು.

ಬೇರಾವುದೋ ಕಾರಣಕ್ಕೆ ಮೂಲ ಪುಸ್ತಕಗಳನ್ನು ತರಿಸಿಕೊಂಡಾಗ, ಖಾಲಿ ಚೌಕಗಳ ಪಕ್ಕದಲ್ಲಿ ಕಾರ್ಯಕರ್ತೆ ಪೆನ್ಸಿಲ್ಲಿನಲ್ಲಿ ಸಣ್ಣದಾಗಿ «ತವರಿಗೆ ಹೋಗಿದ್ದಾರೆ» ಎಂದು ಬರೆದಿದ್ದು ಕಾಣಿಸಿತು. ಒಂದು ಪುಟದಲ್ಲಲ್ಲ, ಪುಟ ಪುಟದಲ್ಲೂ. ಆಕೆಯನ್ನು ಕರೆದು ಕೇಳಿದೆ. «ಮಗು ಹುಷಾರಿಲ್ಲದಿದ್ರೆ ತಾಯಿ ಮನೆಗೆ ಕರ್ಕೊಂಡು ಹೋಗ್ತಾರಲ್ಲ ಸಾರ್, ಇಲ್ಲಿ ನೋಡ್ಕೊಳ್ಳೋರು ಯಾರು?» ಎಂದರು. ಅಂದರೆ ನಾನು ಸೊನ್ನೆ ಎಂದು ಲೆಕ್ಕ ಹಾಕಿದ ವಾರಗಳೇ ಮಕ್ಕಳು ಹೆಚ್ಚು ಹುಷಾರು ತಪ್ಪಿದ ವಾರಗಳು. ಮಾಹಿತಿ ಇಲ್ಲದಿರುವುದೂ ಒಂದು ಮಾಹಿತಿ ಎಂದು ಪಠ್ಯದಲ್ಲಿ ಓದಿ ಅಂಕ ಪಡೆದಿದ್ದ ನನಗೆ ಅದರ ಅರ್ಥ ತಿಳಿದದ್ದು ಆ ಪೆನ್ಸಿಲ್ ಅಕ್ಷರಗಳಿಂದ. ಅಂದಿನಿಂದ ನಮ್ಮ ನಮೂನೆಗಳಲ್ಲಿ ಖಾಲಿ ಬಿಡಲು ಅವಕಾಶವಿಲ್ಲ. «ಮನೆಯಲ್ಲಿಲ್ಲ», «ಊರಿನಲ್ಲಿಲ್ಲ», «ಉತ್ತರಿಸಲಿಲ್ಲ» ಎಂಬುದಕ್ಕೆ ಬೇರೆ ಬೇರೆ ಸಂಕೇತಗಳಿವೆ.

ವಯಸ್ಕರ ವಿಷಯದಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಬಂಗಾರಪೇಟೆಯಿಂದಲೂ ತುಮಕೂರಿನಿಂದಲೂ ಬೆಳಗಿನ ರೈಲಿಗೆ ಬೆಂಗಳೂರಿಗೆ ದುಡಿಯಲು ಹೋಗುವ ಗಂಡಸರು ಹಗಲಿನ ಸಮೀಕ್ಷೆಗೆ ಸಿಗುವುದಿಲ್ಲ. ಕ್ಷಯ ಹೆಂಗಸರಿಗಿಂತ ಗಂಡಸರಲ್ಲಿ ಹೆಚ್ಚು. ಸಿಗದವರನ್ನು ಬಿಟ್ಟು ಲೆಕ್ಕ ಹಾಕಿದರೆ ಜಿಲ್ಲೆಯ ರೋಗ ಕಾಗದದ ಮೇಲೆ ತಾನಾಗಿ ಇಳಿಯುತ್ತದೆ.

ಪ್ರಶ್ನಾವಳಿಯನ್ನು ಇಂಗ್ಲಿಷಿನಿಂದ ಅನುವಾದಿಸಿದರೆ ಸಾಕಲ್ಲವೇ?

«ಎರಡು ವಾರಗಳಿಗಿಂತ ಹೆಚ್ಚು ಕಾಲ ಕೆಮ್ಮು ಇದೆಯೇ» ಎಂಬುದು ಕ್ಷಯ ಸಮೀಕ್ಷೆಗಳ ಮೊದಲ ಪ್ರಶ್ನೆ. ಕೇಳಿದವರು ಸ್ವಲ್ಪ ಹೊತ್ತು ಯೋಚಿಸಿ, ಬಹುತೇಕ ಸಂಕೋಚಕ್ಕೆ, «ಇಲ್ಲ» ಎನ್ನುತ್ತಾರೆ. «ಎರಡು ಸಂತೆ ಕಳೆಯಿತಾ ಕೆಮ್ಮು ಶುರುವಾಗಿ?» ಎಂದು ಕೇಳಿದರೆ ಉತ್ತರ ಥಟ್ಟನೆ ಬರುತ್ತದೆ. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆಗಳಲ್ಲಿ ಮನೆಮಾತು ತೆಲುಗು ಆಗಿರುವ ಕಡೆ ಕೆಮ್ಮನ್ನು «ದಗ್ಗು» ಎಂದೇ ಕೇಳಬೇಕು. ಇವನ್ನೆಲ್ಲ ಮೊದಲೇ ಹತ್ತಿಪ್ಪತ್ತು ಮನೆಗಳಲ್ಲಿ ಕೇಳಿ ನೋಡಿ, ಒಮ್ಮೆ ನಿಶ್ಚಯಿಸಿದ ಮೇಲೆ ಎಲ್ಲ ಕಾರ್ಯಕರ್ತರೂ ಅದೇ ಮಾತುಗಳಲ್ಲಿ ಕೇಳುವಂತೆ ನೋಡಿಕೊಳ್ಳುತ್ತೇವೆ.

ಪರೀಕ್ಷೆಯಲ್ಲಿ ಪಾಸಿಟಿವ್ ಬಂದರೆ ರೋಗ ಇದ್ದೇ ಇದೆ ಎಂದಲ್ಲವೇ?

ಅದು ಯಾರನ್ನು ಪರೀಕ್ಷಿಸಿದಿರಿ ಎಂಬುದರ ಮೇಲಿದೆ. ಉದಾಹರಣೆಗಾಗಿ, ನೂರು ರೋಗಿಗಳಲ್ಲಿ 90 ಮಂದಿಯನ್ನು ಸರಿಯಾಗಿ ಹಿಡಿಯುವ ಮತ್ತು ನೂರು ಆರೋಗ್ಯವಂತರಲ್ಲಿ ಇಬ್ಬರನ್ನು ಮಾತ್ರ ತಪ್ಪಾಗಿ ರೋಗಿ ಎನ್ನುವ ಪರೀಕ್ಷೆ ಇದೆ ಎನ್ನೋಣ. ಊರೂರು ಸುತ್ತಿ 10,000 ಜನರನ್ನು ಪರೀಕ್ಷಿಸುತ್ತೇವೆ. ಅವರಲ್ಲಿ ನಿಜ ರೋಗಿಗಳು 30. ಪರೀಕ್ಷೆ 27 ಜನರನ್ನು ಹಿಡಿಯುತ್ತದೆ, ಜೊತೆಗೆ ಉಳಿದ 9,970 ಜನರಲ್ಲಿ ಸುಮಾರು 199 ಆರೋಗ್ಯವಂತರಿಗೂ ರೋಗಿಯ ಹಣೆಪಟ್ಟಿ ಹಚ್ಚುತ್ತದೆ. ಪಾಸಿಟಿವ್ ಬಂದ 226 ಜನರಲ್ಲಿ ನಿಜವಾಗಿ ರೋಗವಿರುವವರು ನೂರಕ್ಕೆ 12 ಮಾತ್ರ. ಅದೇ ಪರೀಕ್ಷೆಯನ್ನು ಬಹುದಿನದಿಂದ ಕೆಮ್ಮುತ್ತಾ ಆಸ್ಪತ್ರೆಗೆ ಬಂದ, ಹತ್ತರಲ್ಲಿ ಒಬ್ಬರಿಗೆ ರೋಗವಿರುವ 1,000 ಜನರ ಮೇಲೆ ಮಾಡಿದರೆ, ಪಾಸಿಟಿವ್ ಬಂದವರಲ್ಲಿ ನೂರಕ್ಕೆ 83 ಮಂದಿ ನಿಜ ರೋಗಿಗಳು. ಪರೀಕ್ಷೆ ಅದೇ, ಯಂತ್ರ ಅದೇ, ಛೇದ ಮಾತ್ರ ಬೇರೆ. ಸಾಮೂಹಿಕ ತಪಾಸಣೆಯ ನಂತರ ಎರಡನೆಯ ಪರೀಕ್ಷೆ ಏಕೆ ಬೇಕು ಎಂದು ಕೋಪಗೊಳ್ಳುವವರಿಗೆ ನಾನು ಈ ಲೆಕ್ಕವನ್ನೇ ಕಾಗದದ ಮೇಲೆ ಬರೆದು ತೋರಿಸುತ್ತೇನೆ.

ಯಾವ ರೋಗಿಗೆ ಯಾವ ಚಿಕಿತ್ಸೆ ಎಂದು ಚೀಟಿ ಎತ್ತಿ ನಿರ್ಧರಿಸುವುದು ಅನ್ಯಾಯವಲ್ಲವೇ?

ಯಾವ ಚಿಕಿತ್ಸೆ ಉತ್ತಮ ಎಂದು ಗೊತ್ತಿದ್ದೂ ಚೀಟಿ ಎತ್ತಿದರೆ ಖಂಡಿತ ಅನ್ಯಾಯ. ಗೊತ್ತಿಲ್ಲದಿರುವಾಗ ಅದಕ್ಕಿಂತ ನ್ಯಾಯವಾದ ದಾರಿ ಇಲ್ಲ. ವೈದ್ಯರೇ ಆರಿಸಿದರೆ, ತಿಳಿದೋ ತಿಳಿಯದೆಯೋ ಗಟ್ಟಿಮುಟ್ಟಾದವರನ್ನು ಹೊಸ ಔಷಧದ ಕಡೆಗೆ ಹಾಕುತ್ತಾರೆ. ಆಗ ಗೆದ್ದದ್ದು ಔಷಧವೋ ರೋಗಿಯ ಮೈಕಟ್ಟೋ ತಿಳಿಯುವುದಿಲ್ಲ. ಬ್ರಿಟನ್ನಿನಲ್ಲಿ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಎಂಬ ಸಂಖ್ಯಾಶಾಸ್ತ್ರಜ್ಞರು ರೂಪಿಸಿದ, 1948ರಲ್ಲಿ ಪ್ರಕಟವಾದ, ಕ್ಷಯದ ಔಷಧ ಸ್ಟ್ರೆಪ್ಟೊಮೈಸಿನ್‌ನ ಪ್ರಯೋಗದಲ್ಲಿ ಮುಚ್ಚಿದ ಲಕೋಟೆಗಳ ಮೂಲಕ ಈ ಹಂಚಿಕೆ ನಡೆಯಿತು. ಎಲ್ಲರಿಗೂ ಸಾಲುವಷ್ಟು ಔಷಧವೇ ಆಗ ಇರಲಿಲ್ಲ. ಆರು ತಿಂಗಳಲ್ಲಿ ಔಷಧ ಪಡೆದ 55 ಜನರಲ್ಲಿ 4 ಮಂದಿ, ಪಡೆಯದ 52 ಜನರಲ್ಲಿ 14 ಮಂದಿ ತೀರಿಕೊಂಡರು.

ನಮಗೆ ಇನ್ನೂ ಹತ್ತಿರದ್ದು ಮದರಾಸಿನ ಪ್ರಯೋಗ. ಕ್ಷಯ ಬಂದವರನ್ನು ಊರಾಚೆಯ ಸ್ಯಾನಟೋರಿಯಂನಲ್ಲಿಟ್ಟು, ಹಾಲು ಮೊಟ್ಟೆ ಕೊಟ್ಟು, ತಿಂಗಳುಗಟ್ಟಲೆ ಮಲಗಿಸಬೇಕು ಎಂಬುದು ಆ ಕಾಲದ ವೈದ್ಯಕೀಯ ನಂಬಿಕೆ. ಅಷ್ಟು ಹಾಸಿಗೆಗಳು ನಮ್ಮ ದೇಶದಲ್ಲಿ ಇರಲಿಲ್ಲ, ಇರುವ ಸಾಧ್ಯತೆಯೂ ಇರಲಿಲ್ಲ. 1956ರಲ್ಲಿ ಮದರಾಸಿನ ಕ್ಷಯ ಸಂಶೋಧನಾ ಕೇಂದ್ರ 193 ಬಡ ರೋಗಿಗಳನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಎರಡು ಭಾಗ ಮಾಡಿ, ಅರ್ಧದಷ್ಟು ಜನರನ್ನು ಸ್ಯಾನಟೋರಿಯಂಗೆ ಸೇರಿಸಿತು, ಉಳಿದವರಿಗೆ ಮನೆಯಲ್ಲಿಯೇ ಅದೇ ಮಾತ್ರೆಗಳನ್ನು ಕೊಟ್ಟಿತು. ವರ್ಷದ ಕೊನೆಗೆ ಕಫದಲ್ಲಿ ಕ್ರಿಮಿ ಇಲ್ಲದೆ ರೋಗ ಅಡಗಿದವರು ಮನೆಯ ಗುಂಪಿನಲ್ಲಿ ನೂರಕ್ಕೆ 86, ಸ್ಯಾನಟೋರಿಯಂ ಗುಂಪಿನಲ್ಲಿ 92. ಮನೆಯಲ್ಲಿದ್ದವರು ಕಡಿಮೆ ಉಂಡು ಹೆಚ್ಚು ದುಡಿದಿದ್ದರು, ಆದರೂ ಅಂತರ ಇಷ್ಟೇ. ಮನೆಮಂದಿಗೆ ರೋಗ ಹೆಚ್ಚಾಗಿ ಹರಡಲೂ ಇಲ್ಲ. 1959ರಲ್ಲಿ ಇದು ಪ್ರಕಟವಾದ ಮೇಲೆ ಸ್ಯಾನಟೋರಿಯಂಗಳ ಕಾಲ ಮುಗಿಯುತ್ತಾ ಬಂತು. ಇಂದು ಮಧುಗಿರಿಯ ರೋಗಿಯೊಬ್ಬರು ಮನೆಯಲ್ಲಿಯೇ ಮಾತ್ರೆ ನುಂಗಿ ಗುಣವಾಗುವುದರ ಹಿಂದೆ ಆ 193 ಜನರಿದ್ದಾರೆ.

ಲಸಿಕೆ ನೂರಕ್ಕೆ 53.6ರಷ್ಟು ಪರಿಣಾಮಕಾರಿ ಎಂದರೆ ಅರ್ಧ ಮಕ್ಕಳಿಗೆ ಅದು ವ್ಯರ್ಥವೇ?

ಮಕ್ಕಳಿಗೆ ಭೇದಿ ತರುವ ರೋಟಾವೈರಸ್ ವಿರುದ್ಧದ ಭಾರತದ ಲಸಿಕೆಯ ಬಗ್ಗೆ ಈ ಪ್ರಶ್ನೆ ಬರುತ್ತದೆ. ದೆಹಲಿ, ಪುಣೆ ಮತ್ತು ವೆಲ್ಲೂರಿನಲ್ಲಿ 6,799 ಶಿಶುಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮೂರರಲ್ಲಿ ಇಬ್ಬರಿಗೆ ಲಸಿಕೆ, ಒಬ್ಬರಿಗೆ ಹುಸಿ ಹನಿ ಸಿಕ್ಕಿತು. ಕೆಲವು ಮಕ್ಕಳು ಬೇಗ ಸೇರುತ್ತಾರೆ, ಕೆಲವರು ಊರು ಬಿಡುತ್ತಾರೆ. ಆದ್ದರಿಂದ ತಲೆ ಎಣಿಸದೆ, ಒಂದು ಮಗುವನ್ನು ಒಂದು ವರ್ಷ ಗಮನಿಸಿದರೆ ಒಂದು ಶಿಶುವರ್ಷ ಎಂದು ಲೆಕ್ಕ ಹಿಡಿಯುತ್ತಾರೆ. ಲಸಿಕೆ ಪಡೆದವರಲ್ಲಿ 4,752 ಶಿಶುವರ್ಷಗಳಿಗೆ ರೋಟಾವೈರಸ್‌ನಿಂದ ಬಂದ ತೀವ್ರ ಭೇದಿಯ 71 ಪ್ರಕರಣಗಳು, ಪಡೆಯದವರಲ್ಲಿ 2,360 ಶಿಶುವರ್ಷಗಳಿಗೆ 76. ನೂರು ಶಿಶುವರ್ಷಗಳಿಗೆ ಭಾಗಿಸಿದರೆ ಸುಮಾರು 1.5 ಮತ್ತು 3.2. ಅಂದರೆ ಅರ್ಧಕ್ಕಿಂತ ಹೆಚ್ಚು ತೀವ್ರ ಪ್ರಕರಣಗಳು ತಪ್ಪಿದವು. «ಅರ್ಧ ಮಕ್ಕಳಿಗೆ ರಕ್ಷಣೆ, ಅರ್ಧಕ್ಕಿಲ್ಲ» ಎಂದು ಇದರ ಅರ್ಥವಲ್ಲ.

ಅದರ ಜೊತೆಯಲ್ಲಿಯೇ 35ರಿಂದ 66.9 ಎಂಬ ಅಂತರವನ್ನೂ ಕೊಟ್ಟಿರುತ್ತಾರೆ. ಪ್ರಯೋಗದ ಗಾತ್ರ ಸೀಮಿತವಾಗಿರುವುದರಿಂದ ನಿಜವಾದ ಪರಿಣಾಮ ಬಹುಶಃ ಈ ಎರಡರ ನಡುವೆ ಎಲ್ಲೋ ಇದೆ ಎಂಬ ಒಪ್ಪಿಗೆ ಅದು. ಪತ್ರಿಕೆಗಳು 53.6 ಅನ್ನು ಮಾತ್ರ ಅಚ್ಚು ಹಾಕುತ್ತವೆ. ನಾನು ಮೊದಲು ಓದುವುದು ಈ ಅಂತರವನ್ನು.

ಪ್ರಯೋಗದಲ್ಲಿ ಫಲ ಕಾಣದಿದ್ದರೆ ಹಣ ದಂಡವೇ?

ಅಲ್ಲ. ತಮಿಳುನಾಡಿನ ಚೆಂಗಲ್ಪಟ್ಟು ಪ್ರದೇಶದಲ್ಲಿ 1968ರಲ್ಲಿ ಆರಂಭವಾದ ಬೃಹತ್ ಬಿಸಿಜಿ ಪ್ರಯೋಗ, ವಯಸ್ಕರ ಶ್ವಾಸಕೋಶದ ಕ್ಷಯವನ್ನು ಆ ಲಸಿಕೆ ತಡೆಯುವುದಿಲ್ಲ ಎಂದು ತೋರಿಸಿತು. ಹಲವರಿಗೆ ಅದು ರುಚಿಸಲಿಲ್ಲ. ಆದರೆ ಬಿಸಿಜಿಯನ್ನು ನಂಬಿ ಕಫ ಪರೀಕ್ಷೆಯನ್ನೂ ಚಿಕಿತ್ಸೆಯನ್ನೂ ಹಗುರವಾಗಿ ಕಾಣುವಂತಿಲ್ಲ ಎಂಬುದು ಅದರಿಂದಲೇ ಖಚಿತವಾಯಿತು. ಎಳೆಯ ಮಕ್ಕಳಲ್ಲಿ ಮಿದುಳಿಗೆ ತಗಲುವಂತಹ ತೀವ್ರ ಕ್ಷಯದ ವಿರುದ್ಧ ಬಿಸಿಜಿ ಉಪಯುಕ್ತ. ಹುಟ್ಟಿದ ಮಕ್ಕಳಿಗೆ ಅದನ್ನು ಇಂದಿಗೂ ಕೊಡುವುದು ಅದಕ್ಕಾಗಿ.

ಸರ್ಕಾರದ ಸಾವಿನ ಲೆಕ್ಕಕ್ಕೂ ತಜ್ಞರ ಅಂದಾಜಿಗೂ ಇಷ್ಟು ವ್ಯತ್ಯಾಸ ಏಕೆ?

ನಮ್ಮ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣವನ್ನು ದೃಢೀಕರಿಸಿದ್ದು 2020ರಲ್ಲಿ ನೂರಕ್ಕೆ 22.5ರಷ್ಟು ಮಾತ್ರ. ಉಳಿದವರು ಯಾವುದರಿಂದ ತೀರಿಕೊಂಡರು ಎಂಬುದನ್ನು ತಿಳಿಯಲು ಮನೆಗೆ ಹೋಗಿ, ಕೊನೆಯ ದಿನಗಳಲ್ಲಿ ಜ್ವರವಿತ್ತೇ, ನಡುಕವಿತ್ತೇ ಎಂದು ಬಂಧುಗಳನ್ನು ಕೇಳಿ ಬರೆದುಕೊಂಡು, ಅದನ್ನು ಓದಿದ ಇಬ್ಬರು ವೈದ್ಯರು ಪ್ರತ್ಯೇಕವಾಗಿ ಕಾರಣ ಸೂಚಿಸುವ ವಿಧಾನವಿದೆ. ಈ ವಿಧಾನದಿಂದ 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ಭಾರತದಲ್ಲಿ 70 ವರ್ಷದೊಳಗಿನ ಮಲೇರಿಯಾ ಸಾವುಗಳು ವರ್ಷಕ್ಕೆ ಸುಮಾರು 2.05 ಲಕ್ಷ ಎಂದಿತು. ವಿಶ್ವ ಆರೋಗ್ಯ ಸಂಸ್ಥೆಯ ಆಗಿನ ಅಂದಾಜು ಸುಮಾರು 15,000. ಜ್ವರದ ಎಲ್ಲ ಸಾವನ್ನೂ ಮಲೇರಿಯಾಕ್ಕೆ ಸೇರಿಸಿದ್ದಾರೆ ಎಂದು ಟೀಕೆ ಬಂತು. ಟೀಕೆಯಲ್ಲಿ ಹುರುಳಿದೆ, ನೆನಪಿನಿಂದ ಹೇಳಿದ ಲಕ್ಷಣಗಳಿಂದ ಜ್ವರಗಳನ್ನು ಬೇರ್ಪಡಿಸುವುದು ಕಷ್ಟ. ಆದರೆ ಅದೇ ಅಧ್ಯಯನದಲ್ಲಿ ಅಂತಹ ಸಾವುಗಳ ನೂರಕ್ಕೆ 86 ಯಾವ ಆಸ್ಪತ್ರೆಯಲ್ಲೂ ಆಗಿರಲಿಲ್ಲ. ಆಸ್ಪತ್ರೆಯ ದಾಖಲೆಗಳನ್ನು ಮಾತ್ರ ಕೂಡಿದವರಿಗೆ ಅವು ಕಾಣುವುದಾದರೂ ಹೇಗೆ?

2023ರಲ್ಲಿ ಶಿಡ್ಲಘಟ್ಟದ ಕಡೆ ಝೀಕಾ ವೈರಸ್ ಪತ್ತೆಯಾದಾಗ ಎಷ್ಟು ಸೊಳ್ಳೆಗಳಿಗೆ ಸೋಂಕಿತ್ತು?

ತಲಕಾಯಲಬೆಟ್ಟದ ಸೊಳ್ಳೆಗಳ ಮಾದರಿಯಲ್ಲಿ ವೈರಸ್ ಪತ್ತೆಯಾಯಿತು. ಇಂತಹ ಪರೀಕ್ಷೆಯಲ್ಲಿ ಸೊಳ್ಳೆಗಳನ್ನು ಒಂದೊಂದಾಗಿ ನೋಡದೆ ಹಲವನ್ನು ಒಟ್ಟಿಗೆ ಅರೆದು ಒಂದು ಗುಂಪೆಂದು ಪರೀಕ್ಷಿಸುತ್ತಾರೆ, ಇಲ್ಲವಾದರೆ ಖರ್ಚು ತೂಗುವುದಿಲ್ಲ. ಗುಂಪು ಪಾಸಿಟಿವ್ ಬಂದರೆ ಅದರಲ್ಲಿ ಕನಿಷ್ಠ ಒಂದು ಸೊಳ್ಳೆಗೆ ಸೋಂಕಿದೆ ಎಂದಷ್ಟೇ ಅರ್ಥ. ಹಲವು ಗುಂಪುಗಳನ್ನು ಪರೀಕ್ಷಿಸಿದಾಗ ಮಾತ್ರ ಪ್ರಮಾಣದ ಅಂದಾಜು ಸಾಧ್ಯ.

ಈ ಕೆಲಸಕ್ಕೆ ಏನು ಓದಬೇಕು?

ಪದವಿಯಲ್ಲಿ ಗಣಿತ ಅಥವಾ ಸಂಖ್ಯಾಶಾಸ್ತ್ರ, ನಂತರ ಬಯೋಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಸ್ನಾತಕೋತ್ತರ. ಬೆಂಗಳೂರಿನ ನಿಮ್ಹಾನ್ಸ್, ಮಣಿಪಾಲ ಮತ್ತು ವೆಲ್ಲೂರಿನ ಸಿಎಂಸಿಗಳಲ್ಲಿ ಈ ವ್ಯಾಸಂಗವಿದೆ. ಆರ್ ಎಂಬ ಉಚಿತ ತಂತ್ರಾಂಶವನ್ನು ಕಲಿಯಿರಿ. ಕನ್ನಡ ನೆಲದವರಿಗೆ ಈ ವಿದ್ಯೆ ದೂರದ್ದೇನಲ್ಲ. 20ನೇ ಶತಮಾನದ ದೊಡ್ಡ ಸಂಖ್ಯಾಶಾಸ್ತ್ರಜ್ಞರಲ್ಲೊಬ್ಬರಾದ ಸಿ.ಆರ್. ರಾವ್ ಹುಟ್ಟಿದ್ದು 1920ರಲ್ಲಿ ಹೂವಿನಹಡಗಲಿಯಲ್ಲಿ.

ಸಮೀಕ್ಷೆಯವರು ನಮ್ಮ ಮನೆಗೆ ಬಂದರೆ ಏನು ಮಾಡಬೇಕು?

ಮೊದಲು ಗುರುತಿನ ಚೀಟಿ ಕೇಳಿ. ಮಾಹಿತಿ ಯಾವುದಕ್ಕೆ, ಹೆಸರನ್ನು ಯಾರು ನೋಡುತ್ತಾರೆ ಎಂದು ಕೇಳಿ. ವಿಶ್ಲೇಷಣೆ ಮಾಡುವ ನಮಗೆ ಹೆಸರು ಬರಬಾರದು, ಸಂಖ್ಯೆ ಮಾತ್ರ ಬರಬೇಕು. ಇಷ್ಟವಿಲ್ಲದಿದ್ದರೆ ಒಲ್ಲೆ ಎನ್ನುವ ಹಕ್ಕು ನಿಮಗಿದೆ, ಅದನ್ನೂ ಅವರು ಹಾಗೆಯೇ ಬರೆದುಕೊಳ್ಳಬೇಕು. ಮನೆಯ ಯಜಮಾನರು ಬೆಂಗಳೂರಿಗೆ ಕೆಲಸಕ್ಕೆ ಹೋಗಿದ್ದರೆ, ಅವರ ಪರವಾಗಿ «ಎಲ್ಲ ಚೆನ್ನಾಗಿದ್ದಾರೆ» ಎಂದು ಹೇಳಿ ಕಳಿಸಬೇಡಿ. ಯಾವಾಗ ಸಿಗುತ್ತಾರೆ ಎಂದು ಹೇಳಿ. ಭಾನುವಾರ ಎಂದರೆ ಭಾನುವಾರ, ರಾತ್ರಿಯ ರೈಲು ಇಳಿದ ಮೇಲೆ ಎಂದರೆ ಆಗ ಬರುತ್ತಾರೆ.